ಪೆಟ್ಟಿಗೆಯ ಬಾಯಿ

ಹೊಳಲೂರಿನ ನಮ್ಮ ಮನೆಯಲ್ಲಿ ದೊಡ್ಡಪ್ಪ ಬಾರಿಸಿದ ಡೊಳ್ಳಿನ ಹಳೆಯ ಕ್ಯಾಸೆಟ್ ಒಂದಿದೆ. ಡೊಳ್ಳಿಗೆ ಒಂದು ಕಡೆ ಕೋಲಿನ ಪೆಟ್ಟು, ಮತ್ತೊಂದು ಕಡೆ ಅಂಗೈಯ ಪೆಟ್ಟು. ದೊಡ್ಡಪ್ಪ ತೀರಿಕೊಂಡ ಮೇಲೆ ಅದನ್ನು ಹಾಕಿದಾಗಲೆಲ್ಲ ಕೋಲು ಕೇಳಿಸುತ್ತಿತ್ತು, ಅಂಗೈ ಕೇಳಿಸುತ್ತಿರಲಿಲ್ಲ. ಸಣ್ಣ ಸ್ಪೀಕರಿಗೆ ತಗ್ಗುದನಿಯನ್ನು ಹೊರುವ ತ್ರಾಣವಿಲ್ಲ. ಹಾಗಾಗಿ ನಾನು ಬ್ಯಾಂಡ್‌ಪಾಸ್ ಸಬ್‌ವೂಫರ್ ಎಂಬ ಪೆಟ್ಟಿಗೆಯನ್ನು ಕೈಯಾರೆ ಕಟ್ಟಲು ಹೊರಟೆ.

ಈ ಪೆಟ್ಟಿಗೆಯೊಳಗೆ ಎರಡು ಕೋಣೆಗಳು, ನಡುಗೋಡೆಯಲ್ಲಿ ಸ್ಪೀಕರು. ಹಿಂದಿನ ಕೋಣೆ ಪೂರ್ತಿ ಮುಚ್ಚಿದ್ದು. ಸ್ಪೀಕರಿನ ಬೆನ್ನಿನ ಅಲೆ ಹೊರಬಂದರೆ ಮುಂದಿನ ಅಲೆಯನ್ನು ಅಳಿಸಿಹಾಕುತ್ತದೆ, ಅದಕ್ಕೇ ಆ ಸೆರೆ. ಸಂದುಗಳನ್ನು ನಾನು ಊದುಬತ್ತಿಯ ಹೊಗೆ ಹಿಡಿದು ಪರೀಕ್ಷಿಸಿದೆ. ಮುಂದಿನ ಕೋಣೆಗೆ ಒಂದು ಕೊಳವೆ. ನಾದಕ್ಕೆ ಹೊರದಾರಿ ಅದೊಂದೇ.

ಖಾಲಿ ಸೀಸೆಯ ಬಾಯಿಗೆ ಊದಿ ಹೂಂಕಾರ ಹೊರಡಿಸದ ಮಗುವುಂಟೆ? ಕೊಳವೆಯ ಗುಟ್ಟೂ ಅದೇ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1863ರ ತಮ್ಮ ಗ್ರಂಥದಲ್ಲಿ ಇಂತಹ ಅನುರಣಕಗಳನ್ನು ಚರ್ಚಿಸಿದ್ದಾರೆ. ಕೋಣೆಯ ಗಾಳಿ ಸ್ಪ್ರಿಂಗಿನಂತೆ, ಕೊಳವೆಯ ಗಾಳಿ ಅದಕ್ಕೆ ಕಟ್ಟಿದ ಭಾರದಂತೆ. ಕೊಳವೆ ಉದ್ದವಾದರೆ ಭಾರ ಹೆಚ್ಚಿ ಶ್ರುತಿ ಇಳಿಯುತ್ತದೆ. ಬಾಯಿ ಅಗಲವಾದರೆ ಶ್ರುತಿ ಏರುತ್ತದೆ. ಘಟವಾದಕರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಆಡಿಸುವುದು ಇದೇ ಆಟ.

ನನ್ನ ಮುಂಗೋಣೆ 40 ಲೀಟರ್. ಬೇಕಾದ ಶ್ರುತಿ ಸೆಕೆಂಡಿಗೆ 50 ಕಂಪನ. ಲೆಕ್ಕದ ಪ್ರಕಾರ 10 ಸೆಂಟಿಮೀಟರ್ ಅಗಲದ ಕೊಳವೆಗೆ ಸುಮಾರು 16 ಸೆಂಟಿಮೀಟರ್ ಉದ್ದ ಬೇಕು. ಅಗಲ 5 ಆದರೆ 2 ಸೆಂಟಿಮೀಟರಿಗೆ ತುಸು ಮೇಲೆ, ಹೆಚ್ಚುಕಡಿಮೆ ಹಲಗೆಯ ದಪ್ಪದಷ್ಟೇ! ಸೋಮಾರಿತನಕ್ಕೆ ಒಲಿದು ಚಿಕ್ಕದನ್ನೇ ಹಾಕಿದೆ. ಶ್ರುತಿ ತಪ್ಪಲಿಲ್ಲ. ಆದರೆ ಅಷ್ಟೇ ಗಾಳಿ ಕಾಲುಭಾಗದ ಬಾಯಿಯಲ್ಲಿ ನಾಲ್ಕು ಪಟ್ಟು ವೇಗದಿಂದ ನುಗ್ಗಬೇಕಲ್ಲ. ಡೊಳ್ಳಿನ ಬದಲು ಕುಲುಮೆಯ ತಿದಿ ಬುಸುಗುಟ್ಟಿತು.

ತೋಟದ ಪಂಪಿನ ಮನೆಯಲ್ಲಿ ಉಳಿದಿದ್ದ ನಾಲ್ಕಿಂಚಿನ ಪಿವಿಸಿ ಪೈಪಿನ ತುಂಡನ್ನು ತಂದೆ. ಕತ್ತರಿಸಿದ ಪೈಪು ಮತ್ತೆ ಬೆಳೆಯದು. 19 ಸೆಂಟಿಮೀಟರಿಗೆ ಕೊಯ್ದು, ಕೇಳಿ ಕೇಳಿ ಒಂದೊಂದು ಬೆರಳಷ್ಟೇ ತೆಗೆದೆ. ಒಳಬಾಯಿ ಗೋಡೆಗೆ ತಾಗದಂತೆ ಕೊಳವೆಯ ಅಗಲದಷ್ಟಾದರೂ ಜಾಗ ಬಿಟ್ಟೆ, ಅಂಚುಗಳನ್ನು ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿದೆ. ಬುಸುಗುಟ್ಟುವುದು ನಿಂತಿತು.

ಸಂಜೆ ಕ್ಯಾಸೆಟ್ ಹಾಕಿದೆ. ಅಡುಗೆಮನೆಯಿಂದ ದೊಡ್ಡಮ್ಮ ಬಂದು ಹೊಸಿಲ ಮೇಲೆ ನಿಂತರು. ಬಹಳ ಹೊತ್ತು ಕೇಳಿ, "ಅವತ್ತು ಮಳೆ ಬಂದಿತ್ತು ಕಣೋ, ಡೊಳ್ಳಿನ ಚರ್ಮ ನೆನೆದಿತ್ತು," ಎಂದರು.