ಹಿತ್ತಿಲಲ್ಲಿ ನೇರಳೆ ಗೆಣಸು



ಸಂಕ್ರಾಂತಿಯ ದಿನ ಅವರೆಕಾಯಿ, ಕಡಲೆಕಾಯಿಗಳೊಡನೆ ಗೆಣಸು ಬೇಯದ ಮನೆ ನಮ್ಮ ಹಳ್ಳಿಗಳಲ್ಲಿ ಕಡಮೆ. ಶಿವರಾತ್ರಿಯ ಉಪವಾಸಕ್ಕೂ ಅದೇ ಆಧಾರ. ಆದರೆ ನಾವು ತಿನ್ನುವ ಗೆಣಸಿನ ಸಿಪ್ಪೆ ಕೆಂಪಗಿದ್ದರೂ ಒಳಗಿನ ತಿರುಳು ಬಹುಮಟ್ಟಿಗೆ ಬಿಳಿ. ತಿರುಳೂ ನೇರಳೆ ಹಣ್ಣಿನ ಬಣ್ಣವಾಗಿರುವ ಗೆಣಸು ಬೇರೆಯೇ ಇದೆ. ಸಂತೆಯಲ್ಲಿ ಸಿಪ್ಪೆಯ ಬಣ್ಣ ನೋಡಿ ಮೋಸಹೋಗಬೇಡಿ. ತುದಿಯನ್ನು ಮುರಿದು ಒಳಗೆ ನೋಡಿ ಕೊಳ್ಳಿ. ಮಲೆನಾಡು, ಕರಾವಳಿಗಳಲ್ಲಿ ಮರಕ್ಕೆ ಹಬ್ಬಿಸುವ ಹೆಗ್ಗೆಣಸಿನಲ್ಲಿಯೂ ನೇರಳೆ ತಿರುಳಿನದು ಉಂಟು. ಅದು ಬೇರೆ ಜಾತಿ, ಅದರ ಬೇಸಾಯವೂ ಬೇರೆ. ಇಲ್ಲಿ ಹೇಳುತ್ತಿರುವುದು ನೆಲದ ಮೇಲೆ ಹರಡುವ ಸಿಹಿಗೆಣಸಿನ ವಿಷಯ.

ಕೇರಳದ ತಿರುವನಂತಪುರದಲ್ಲಿ 1963ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಗೆಡ್ಡೆ ಬೆಳೆಗಳ ಸಂಶೋಧನಾ ಸಂಸ್ಥೆಯು ‘ಭೂ ಕೃಷ್ಣ’ ಎಂಬ ನೇರಳೆ ತಳಿಯನ್ನು ಹೊರತಂದಿದೆ. ಚೆನ್ನಾಗಿ ಆರೈಕೆಯಾದರೆ ಹೆಕ್ಟೇರಿಗೆ ಸುಮಾರು 18 ಟನ್, ಅಂದರೆ ಎಕರೆಗೆ 7 ಟನ್ನಿನಷ್ಟು ಇಳುವರಿ. ಬಣ್ಣಕ್ಕೆ ಕಾರಣ ಆಂಥೋಸಯನಿನ್ ಎಂಬ ವಸ್ತು. ನೇರಳೆ ಹಣ್ಣಿನಲ್ಲಿ, ಬದನೆಕಾಯಿಯ ಸಿಪ್ಪೆಯಲ್ಲಿ ಇರುವುದೂ ಇಂಥದೇ.

ಈ ಬಣ್ಣವನ್ನು ಕುರಿತು ಇಂದು ಬಹಳ ಮಾತು ಹಬ್ಬಿದೆ. ಸಕ್ಕರೆ ಕಾಯಿಲೆ ಹೋಗುತ್ತದೆ, ಕಣ್ಣಿಗೆ ಒಳ್ಳೆಯದು ಎಂದೆಲ್ಲ ಹೇಳುವವರಿದ್ದಾರೆ. ನಂಬಬೇಡಿ. ಸಕ್ಕರೆ ಕಾಯಿಲೆಯವರು ಇದನ್ನು ಅನ್ನ ಮುದ್ದೆಗಳ ಬದಲಿಗೆ ಮಿತವಾಗಿ ತಿನ್ನಬಹುದೇ ಹೊರತು ಉಂಡ ಮೇಲೆ ಮತ್ತೆ ತಿನ್ನುವಂತಿಲ್ಲ. ಮಕ್ಕಳ ಕಣ್ಣಿಗೆ ಬೇಕಾದ ‘ಎ’ ಜೀವಸತ್ವಕ್ಕೆ ಮೂಲವಾದ ಬೀಟಾ ಕೆರೋಟಿನ್ ಹೇರಳವಾಗಿರುವುದು ಕಿತ್ತಳೆ ತಿರುಳಿನ ಗೆಣಸಿನಲ್ಲಿ, ನೇರಳೆಯದರಲ್ಲಿ ಅಲ್ಲ. ಅದೇ ಸಂಸ್ಥೆಯ ‘ಭೂ ಸೋನಾ’ ತಳಿಯ 100 ಗ್ರಾಂನಲ್ಲಿ ಇದು ಸುಮಾರು 14 ಮಿಲಿಗ್ರಾಂ ಇದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎರಡು ಬೋದಿಗೆ ನೇರಳೆ, ಎರಡು ಬೋದಿಗೆ ಕಿತ್ತಳೆ ಹಾಕಿ.

ಇನ್ನೊಂದು ಎಚ್ಚರಿಕೆ. ಹೊಸ ಬೆಳೆ ಎಂದು ಒಮ್ಮೆಗೇ ಎಕರೆಗಟ್ಟಲೆ ನೆಡಬೇಡಿ. ಬೆಳಗಾವಿ ಕಡೆಯ ಗೆಣಸು ಉತ್ತರ ಭಾರತದವರೆಗೂ ಹೋಗುತ್ತದೆ. ಆದರೆ ಅಲ್ಲಿ ಕೇಳುವವರಿರುವುದು ರೂಢಿಯ ಕೆಂಪು ಸಿಪ್ಪೆಯ ಗೆಣಸಿಗೆ. ನೇರಳೆ ತಿರುಳನ್ನು ಕಂಡು ‘ಕೆಟ್ಟಿದೆ’ ಎಂದು ದೂಡುವ ಗಿರಾಕಿಗಳೂ ಉಂಟು. ಮೊದಲು ಹಿತ್ತಿಲಲ್ಲಿ ಬೆಳೆದು, ಮನೆಯವರು ತಿಂದು ನೋಡಲಿ. ಕೊಳ್ಳುವವರನ್ನು ಗೊತ್ತುಮಾಡಿಕೊಂಡ ಮೇಲೆ ಹೊಲಕ್ಕೆ ಇಳಿಸಿ.

ಹತ್ತು ಅಡಿ ಉದ್ದ, ಹತ್ತು ಅಡಿ ಅಗಲದ ಜಾಗ ಸಾಕು. ನೀರು ನಿಲ್ಲದ, ಮರಳು ಬೆರೆತ ಕೆಂಪು ಮಣ್ಣು ಬಹಳ ಉತ್ತಮ. ಜಿಗುಟು ಎರೆಮಣ್ಣಿನಲ್ಲಿ ಗೆಡ್ಡೆ ಸೊಟ್ಟಗಾಗುತ್ತದೆ. ಒಂದು ದೊಡ್ಡ ಮಂಕರಿ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಬೆರೆಸಿ, ಎರಡು ಅಡಿಗೊಂದರಂತೆ ಐದು ಬೋದುಗಳನ್ನು ಎತ್ತರವಾಗಿ ಏರಿಸಿ. ಯೂರಿಯಾ ಸುರಿಯುವ ಆಸೆ ಬೇಡ. ಸಾರಜನಕ ಹೆಚ್ಚಾದರೆ ಬಳ್ಳಿ ಸೊಂಪಾಗಿ ಹಬ್ಬುತ್ತದೆ, ಬುಡದಲ್ಲಿ ಗೆಡ್ಡೆ ಇರುವುದಿಲ್ಲ.

ನೆಡಬೇಕಾದುದು ಬಳ್ಳಿಯ ತುಂಡನ್ನು. ಬಳ್ಳಿ ಸಿಕ್ಕದಿದ್ದರೆ ಹುಳುಕಿಲ್ಲದ ನಾಲ್ಕಾರು ಗೆಣಸನ್ನು ಮಡಿಯಲ್ಲಿ ಹೂತು ನೀರು ಕೊಡಿ. ಆರೇಳು ವಾರಗಳಲ್ಲಿ ಕತ್ತರಿಸಲು ಬಳ್ಳಿ ಸಿದ್ಧವಾಗುತ್ತದೆ. ತುದಿಯ ಕಡೆಯಿಂದ ಗೇಣುದ್ದದ, ನಾಲ್ಕೈದು ಗಿಣ್ಣುಗಳಿರುವ ತುಂಡುಗಳನ್ನು ತೆಗೆದು, ಎಲೆ ಸಹಿತವಾಗಿ ಎರಡು ದಿನ ನೆರಳಿನಲ್ಲಿ ಇಟ್ಟರೆ ಬೇರು ಬೇಗ ಒಡೆಯುತ್ತದೆ. ಬೋದಿನ ಮೇಲೆ ಎಂಟು ಅಂಗುಲಕ್ಕೊಂದರಂತೆ, ಎರಡು ಮೂರು ಗಿಣ್ಣು ಮಣ್ಣಿನೊಳಗೆ ಸೇರುವ ಹಾಗೆ ನೆಡಿ. ಹತ್ತಡಿ ಮಡಿಗೆ ಸುಮಾರು 75 ತುಂಡು ಬೇಕು. ಮಳೆಯಾಶ್ರಯದಲ್ಲಿ ಜೂನ್, ಜುಲೈ. ನೀರಿನ ಅನುಕೂಲವಿದ್ದರೆ ಅಕ್ಟೋಬರ್, ನವೆಂಬರ್ ನಾಟಿಗೆ ಸಕಾಲ. ಹಬ್ಬುವಾಗ ಬಳ್ಳಿಯನ್ನು ಆಗಾಗ ಎತ್ತಿ ಮಗುಚಿ ಹಾಕಿ. ಇಲ್ಲದಿದ್ದರೆ ಗಿಣ್ಣುಗಿಣ್ಣಿಗೂ ಬೇರು ಬಿಟ್ಟು ಬುಡದ ಗೆಡ್ಡೆ ಸಣ್ಣದಾಗುತ್ತದೆ.

ಇದುವರೆಗಿನದು ಸುಲಭದ ಕೆಲಸ. ಗೆಣಸಿನ ನಿಜವಾದ ವೈರಿ ಮೂತಿಹುಳು. ಇರುವೆಯಂತೆ ಕಾಣುವ, ಎದೆ ಕೆಂಪಾದ, ಉದ್ದ ಮೂತಿಯ ಚಿಕ್ಕ ದುಂಬಿ ಇದು. ಹೆಣ್ಣು ದುಂಬಿಯು ಬಳ್ಳಿಯ ಬುಡದಲ್ಲಿಯೂ ಗೆಡ್ಡೆಯಲ್ಲಿಯೂ ಮೊಟ್ಟೆಯಿಡುತ್ತದೆ. ಮರಿಹುಳುಗಳು ಒಳಗೆ ಕೊರೆಯುತ್ತ ಹೋಗುತ್ತವೆ. ಹೊರಗಿನಿಂದ ಒಂದೆರಡು ಸಣ್ಣ ತೂತು ಮಾತ್ರ, ಕೊಯ್ದರೆ ಒಳಗೆಲ್ಲ ಸುರಂಗ. ಗೆಡ್ಡೆ ಕಹಿಯಾಗಿ ಕೆಟ್ಟ ವಾಸನೆ ಬರುತ್ತದೆ. ಜಪಾನಿನ ಒಕಿನಾವಾ ದ್ವೀಪಗಳು ನೇರಳೆ ಗೆಣಸಿಗೆ ಹೆಸರಾದವು. ಆದರೆ ಅಲ್ಲಿ ಈ ಹುಳು ಇರುವುದರಿಂದ ಹಸಿ ಗೆಣಸನ್ನಾಗಲಿ ಬಳ್ಳಿಯನ್ನಾಗಲಿ ಅದೇ ದೇಶದ ಉಳಿದ ಭಾಗಕ್ಕೆ ಹಾಗೆಯೇ ಒಯ್ಯುವುದನ್ನು ಕಾನೂನಿನಿಂದ ತಡೆದಿದ್ದಾರೆ. ಹುಳು ಹರಡುವುದು ನಮ್ಮ ಕೈಯಿಂದಲೇ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದ್ದರಿಂದ ನಂಟರ ಹೊಲದ ಬಳ್ಳಿಯನ್ನು ತರುವ ಮುನ್ನ ಬುಡ ಸೀಳಿ ನೋಡಿ. ತುದಿಯ ತುಂಡನ್ನೇ ತನ್ನಿ. ಬುಡದ ತುಂಡಿನಲ್ಲಿ ಮೊಟ್ಟೆ ಇರುವ ಸಂಭವ ಹೆಚ್ಚು. ಗೆಡ್ಡೆ ದಪ್ಪವಾಗುವಾಗ ಬೋದು ಬಿರಿಯುತ್ತದೆ. ಆ ಬಿರುಕೇ ದುಂಬಿಗೆ ಬಾಗಿಲು. ನೆಟ್ಟ ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸಿ, ಆಮೇಲೆಯೂ ಬಿರುಕು ಕಂಡಾಗಲೆಲ್ಲ ಮುಚ್ಚಿ. ಹೆಂಗಸರು ಸೊಪ್ಪು ಕೊಯ್ಯಲು ಹೋದಾಗ ಕೈಯಲ್ಲೇ ಮಾಡಬಹುದಾದ ಕೆಲಸ. ಹೊಲದಲ್ಲಿ ಬೆಳೆಯುವವರು ಮೋಹಕ ಬಲೆಯ ವಿಷಯವನ್ನು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿಕೊಳ್ಳಿ. ಅದೇ ಜಾಗದಲ್ಲಿ ಗೆಣಸಿನ ಮೇಲೆ ಗೆಣಸು ಬೇಡ. ಮುಂದಿನ ಸಲ ಅಲಸಂದೆ, ಮೆಣಸಿನಕಾಯಿ, ಏನಾದರೂ ಆಗಲಿ.

ಇಲ್ಲಿ ಮುಖ್ಯವಾದ ಮಾತೊಂದು: ಹುಳು ಹಿಡಿದ, ಬೂಷ್ಟು ಬಂದ, ಕೊಳೆತ ಗೆಣಸನ್ನು ದನಕ್ಕೆ ಹಾಕಲೇಬೇಡಿ. ವ್ಯರ್ಥವಾಗುತ್ತದಲ್ಲ ಎಂದು ಬಾನಿಗೆ ಸುರಿಯುವುದು ಹಲವರ ರೂಢಿ. ಬೂಷ್ಟು ತಗುಲಿದ ಗೆಣಸಿನಲ್ಲಿ ದನದ ಶ್ವಾಸಕೋಶವನ್ನು ಕೆಡಿಸುವ ವಿಷ ಹುಟ್ಟುತ್ತದೆ. ದನ ಬಾಯಿ ತೆರೆದು ಏದುಸಿರು ಬಿಟ್ಟು ಸಾಯುವುದೂ ಉಂಟು. ಹತ್ತು ಕಿಲೋ ಗೆಣಸು ಉಳಿಸಹೋಗಿ ಹಾಲು ಕರೆಯುವ ಹಸುವನ್ನು ಕಳೆದುಕೊಳ್ಳುವುದು ಯಾವ ಲಾಭ? ಅಂಥ ಗೆಣಸನ್ನು ಆಳವಾಗಿ ಹೂಳಿ. ಮನೆಯಲ್ಲಿಯೂ ಕಹಿ ಗೆಣಸಿನ ಒಳ್ಳೆಯ ಭಾಗವನ್ನು ಹೆಚ್ಚಿ ಉಳಿಸಿಕೊಳ್ಳೋಣವೆನ್ನಬೇಡಿ. ಬೇಯಿಸಿದರೆ ಆ ಕಹಿ ಹೋಗುವುದಿಲ್ಲ.

ನೂರು ನೂರಹತ್ತು ದಿನಕ್ಕೆ ಎಲೆ ಹಳದಿಯಾಗತೊಡಗಿದಾಗ ಕೀಳಿ. ಬಿಳಿ ಗೆಣಸನ್ನು ಕೊಯ್ದಾಗ ಹಾಲು ಕಪ್ಪಾಗದೆ ಒಣಗಿದರೆ ಬಲಿತಿದೆ ಎಂಬ ಲೆಕ್ಕವಿದೆ. ನೇರಳೆ ತಿರುಳಿನಲ್ಲಿ ಅದು ಕಾಣುವುದು ಕಷ್ಟ, ಆದ್ದರಿಂದ ನೆಟ್ಟ ದಿನವನ್ನು ಬರೆದಿಡಿ. ಮಣ್ಣು ಗಟ್ಟಿಯಾಗಿದ್ದರೆ ಎರಡು ದಿನ ಮೊದಲು ತೆಳುವಾಗಿ ನೀರು ಹಾಯಿಸಿ. ನೆಲದಲ್ಲೇ ಇರಲಿ ಎಂದು ಬಿಟ್ಟರೆ ಹುಳುವಿಗೆ ಬಿಟ್ಟಂತೆ. ಹತ್ತಡಿ ಮಡಿಯಿಂದ ಹತ್ತು ಹದಿನೈದು ಕಿಲೋ ಬಂದರೆ ತೃಪ್ತಿ ಪಡಿ. ಗಾಯವಾದುದನ್ನು ಮೊದಲು ತಿಂದು ಮುಗಿಸಿ. ಉಳಿದುದನ್ನು ತೊಳೆಯದೆ ವಾರಕಾಲ ನೆರಳಿನಲ್ಲಿ ಹರಡಿದರೆ ಸಿಪ್ಪೆ ಗಟ್ಟಿಯಾಗುತ್ತದೆ, ಸಿಹಿಯೂ ಏರುತ್ತದೆ. ಹಸಿ ಗೆಣಸನ್ನು ಫ್ರಿಜ್ಜಿನಲ್ಲಿ ಇಡಬಾರದು. ಬೆಂದರೂ ನಡುವೆ ಗಟ್ಟಿಯಾಗಿ ಉಳಿಯುತ್ತದೆ.

ಇನ್ನು ಅಡಿಗೆಮನೆಗೆ ಬರೋಣ. ನೇರಳೆ ಗೆಣಸು ಬಿಳಿಯದಕ್ಕಿಂತ ಹಿಟ್ಟುಹಿಟ್ಟಾಗಿ, ಒಣಗಿದಂತಿರುತ್ತದೆ. ಹೆಚ್ಚಿ ನೀರಿಗೆ ಹಾಕಿದರೆ ಬಣ್ಣವೆಲ್ಲ ನೀರಿಗಿಳಿದು ಚೆಲ್ಲಿಹೋಗುತ್ತದೆ. ತೊಳೆದು ಸಿಪ್ಪೆಯೊಡನೆ ಇಡಿಯಾಗಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಅರ್ಧ ಗಂಟೆ ಬೇಯಿಸಿ, ಇಲ್ಲವೇ ಕೆಂಡದ ಬೂದಿಯಲ್ಲಿ ಸುಡಿ. ಸೋಡಾ ಹಾಕಿದರೆ ಬಣ್ಣ ನೀಲಿ, ಹಸಿರಿಗೆ ತಿರುಗುತ್ತದೆ. ನಿಂಬೆಹುಳಿ ಹಿಂಡಿದರೆ ಕೆಂಪಾಗುತ್ತದೆ. ಮಕ್ಕಳಿಗೆ ಇದೊಂದು ಆಟ, ಹೆದರುವಂಥದೇನೂ ಇಲ್ಲ.

ಬೆಂದ ಗೆಣಸನ್ನು ಕಿವುಚಿ ಅಕ್ಕಿಹಿಟ್ಟು, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ರೊಟ್ಟಿ ತಟ್ಟಬಹುದು. ಗೆಣಸಿನ ನೀರಿನಂಶವೇ ಬಹುಪಾಲು ಸಾಕು, ನೀರನ್ನು ಚಿಮುಕಿಸುತ್ತ ಕಲಸಿ. ಹೋಳಿಗೆಗೆ ಅರ್ಧ ಕಿಲೋ ಗೆಣಸಿಗೆ ಕಾಲು ಕಿಲೋ ಬೆಲ್ಲ ಧಾರಾಳ. ಕಿವುಚಿದ ಗೆಣಸನ್ನೂ ಬೆಲ್ಲವನ್ನೂ ಒಟ್ಟಿಗೆ ಕಾಯಿಸಿ, ತಳ ಬಿಡುವವರೆಗೆ ತಿರುವಿ, ಏಲಕ್ಕಿ ಹಾಕಿ ಆರಿದ ಮೇಲೆ ಉಂಡೆ ಕಟ್ಟಿ ಕಣಕದಲ್ಲಿ ತುಂಬಿ. ಬೇಳೆಯ ಹೂರಣದಂತೆ ರುಬ್ಬುವ ಶ್ರಮವಿಲ್ಲ. ಬಳ್ಳಿಯ ಎಳೆಯ ಕುಡಿಯನ್ನೂ ಬಿಸಾಡಬೇಡಿ. ಬೇಳೆ, ಬೆಳ್ಳುಳ್ಳಿ ಒಗ್ಗರಣೆಯೊಡನೆ ಅದರ ಸೊಪ್ಪಿನ ಪಲ್ಯ ಮುದ್ದೆಗೂ ರೊಟ್ಟಿಗೂ ಹೊಂದುತ್ತದೆ. ಗಿಡವೊಂದರಿಂದ ಎರಡು ಮೂರು ಕುಡಿಗಿಂತ ಹೆಚ್ಚು ಚಿವುಟದಿದ್ದರೆ ಸರಿ.