ಬರೀ ಬಟನ್ ಒತ್ತುವ ಕೆಲಸವೇ?

ತಪ್ಪು ಕಲ್ಪನೆ: ಡಿಜೆ ಅಂದರೆ ಕೈತುಂಬ ದುಡ್ಡು, ದಿನವೂ ಪಾರ್ಟಿ.

ವಾಸ್ತವ: ‘ಅವಿಚಿ: ಟ್ರೂ ಸ್ಟೋರೀಸ್’ (2017) ಸಾಕ್ಷ್ಯಚಿತ್ರ ನೋಡಿದವರು ಈ ಮಾತು ಆಡಲಾರರು. ಸ್ವೀಡನ್ನಿನ ಟಿಮ್ ಬರ್ಗ್‌ಲಿಂಗ್ ಅವಿಚಿ ಎಂಬ ಹೆಸರಿನಲ್ಲಿ ಹತ್ತು ವರ್ಷದೊಳಗೆ 800ಕ್ಕೂ ಹೆಚ್ಚು ಕಾರ್ಯಕ್ರಮ ಕೊಟ್ಟ. ದುಡ್ಡೇನೋ ಬಂತು. ಆದರೆ ವೇದಿಕೆ ಹತ್ತಲು ಅಂಜುತ್ತಿದ್ದ ಹುಡುಗ ಅಳುಕು ಮರೆಯಲು ಕುಡಿದ; ಕುಡಿತ ಮೇದೋಜೀರಕ ಗ್ರಂಥಿಗೆ ಕುತ್ತು ತಂದಿತು. 2014ರಲ್ಲಿ ಪಿತ್ತಕೋಶ, ಅಪೆಂಡಿಕ್ಸ್ ಎರಡನ್ನೂ ತೆಗೆಸಬೇಕಾಯಿತು. 2016ರ ಆಗಸ್ಟ್‌ನಲ್ಲಿ ಇಬಿಜಾದಲ್ಲಿ ಕೊನೆಯ ಕಾರ್ಯಕ್ರಮ ಮುಗಿಸಿ, ಇನ್ನು ತಿರುಗಾಟ ಸಾಕು ಎಂದ. 2018ರಲ್ಲಿ ತೀರಿಕೊಂಡಾಗ ಅವನಿಗೆ 28 ವರ್ಷ. ಸಾಲು ಸಾಲು ವಿಮಾನ, ಹೋಟೆಲು, ನಿದ್ದೆಗೇಡು: ಚಿತ್ರದ ತುಂಬ ಇರುವುದು ಇದೇ.

ತಪ್ಪು ಕಲ್ಪನೆ: ಡಿಜೆ ಬಟನ್ ಒತ್ತಿ ಕೈ ಬೀಸುತ್ತಾನೆ, ಅಷ್ಟೆ.

ವಾಸ್ತವ: ಇದರಲ್ಲಿ ಅರ್ಧ ನಿಜವಿದೆ ಅನ್ನಿ. ಪಟಾಕಿ, ಲೈಟಿನ ಜೊತೆ ತಾಳೆಯಾಗಲೆಂದು ದೊಡ್ಡ ಉತ್ಸವಗಳಲ್ಲಿ ಹಾಡುಗಳ ಸರದಿಯನ್ನು ಮೊದಲೇ ಗೊತ್ತುಮಾಡುವುದುಂಟು. ವೇಗ ಸರಿಹೊಂದಿಸುವ ‘ಸಿಂಕ್’ ಬಟನ್ನೂ ಈಗ ಇದೆ. ಟೆಕ್ನಿಕ್ಸ್ ಟರ್ನ್‌ಟೇಬಲ್ ಕಾಲದಲ್ಲಿ ಆ ಸವಲತ್ತು ಎಲ್ಲಿತ್ತು? ಒಂದು ಕಿವಿ ಹೆಡ್‌ಫೋನಿಗೆ, ಇನ್ನೊಂದು ಸಭಾಂಗಣಕ್ಕೆ. ನಿಮಿಷಕ್ಕೆ 124 ಬಡಿತದ ತಟ್ಟೆಯನ್ನು 128ರದಕ್ಕೆ ಕೂಡಿಸಲು ವೇಗದ ಸ್ಲೈಡರನ್ನು ಸರಿಸಿ ಕೂದಲೆಳೆಯಷ್ಟೂ ತಪ್ಪದಂತೆ ಹೊಂದಿಸಬೇಕು; ತುಸು ತಪ್ಪಿದರೂ ಎರಡು ಡ್ರಮ್ ಒಂದರ ಮೇಲೊಂದು ಮುಗ್ಗರಿಸುತ್ತವೆ. ಈಗಲೂ ಜನರ ಉತ್ಸಾಹ ಇಳಿಯುವುದನ್ನು ಗ್ರಹಿಸಿ ಮುಂದಿನ ಹಾಡು ಆರಿಸಿಕೊಡುವ ಬಟನ್ ಇಲ್ಲ.

ತಪ್ಪು ಕಲ್ಪನೆ: ಡಿಜೆಗಳು ನುಡಿಸುವ ಎಲೆಕ್ಟ್ರಾನಿಕ್ ನೃತ್ಯಸಂಗೀತ ಯೂರೋಪಿನ ಬಿಳಿಯರದು.

ವಾಸ್ತವ: ಅದರಲ್ಲಿ ‘ಹೌಸ್’ ಎಂಬ ಪ್ರಕಾರ ಷಿಕಾಗೋದ್ದು, ‘ಟೆಕ್ನೋ’ ಡೆಟ್ರಾಯಿಟ್‌ನದು, ಎರಡನ್ನೂ ಕಟ್ಟಿದವರು ಕಪ್ಪು ಯುವಕರು. 1987ರಲ್ಲಿ ಷಿಕಾಗೋದ ‘ಫ್ಯೂಚರ್’ ತಂಡ ರೋಲ್ಯಾಂಡ್ ಟಿಬಿ-303 ಎಂಬ ಬಾಸ್ ಸಿಂಥಸೈಜರ್ ಯಂತ್ರದಿಂದ ‘ಆಸಿಡ್’ ನಾದ ಹೊರಡಿಸಿತು. ಅದಕ್ಕೆ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈನ ಚರಣ್‌ಜಿತ್ ಸಿಂಗ್ ಅದೇ ಯಂತ್ರ ಇಟ್ಟುಕೊಂಡು ಡಿಸ್ಕೋ ತಾಳಕ್ಕೆ ಹತ್ತು ರಾಗ ನುಡಿಸಿದ್ದರು. ಆಗ ಕೇಳಿದವರು ಕಡಿಮೆ. ಆ ಆಲ್ಬಮ್ 2010ರಲ್ಲಿ ಮರುಬಿಡುಗಡೆಯಾದ ಮೇಲೆ ಜಗತ್ತು ಬೆರಗಾಯಿತು. ಭೈರವ್ ರಾಗವನ್ನು ಹೀಗೂ ಕೇಳಬಹುದೇ ಎಂದು ಧಾರವಾಡದ ಸಂಗೀತ ರಸಿಕರು ಹುಬ್ಬೇರಿಸಲಿ, ಚಿಂತೆಯಿಲ್ಲ.

ತಪ್ಪು ಕಲ್ಪನೆ: ಬ್ರಿಟನ್ ರೇವ್‌ಗಳನ್ನು (ರಾತ್ರಿಯಿಡೀ ಕುಣಿಯುವ ಕೂಟಗಳನ್ನು) ಹತ್ತಿಕ್ಕಿದ್ದು ಮಾದಕವಸ್ತುವಿನ ಕಾನೂನಿನಿಂದ ಮಾತ್ರ.

ವಾಸ್ತವ: 1992ರಲ್ಲಿ ಕ್ಯಾಸಲ್‌ಮಾರ್ಟನ್ ಬಯಲಲ್ಲಿ ಸಾವಿರಾರು ಜನ ದಿನಗಟ್ಟಲೆ ಕುಣಿದ ಮೇಲೆ, 1994ರ ಕಾಯ್ದೆ ತಾಳದ ಮೇಲೇ ಕಣ್ಣಿಟ್ಟಿತು: ಮರುಕಳಿಸುವ ಬಡಿತಗಳಿರುವ ಸಂಗೀತ ಎಂದು ಅದರಲ್ಲೇ ಬರೆದರು! ಇದಕ್ಕೆ ಪ್ರತಿಭಟನೆಯಾಗಿ ‘ಆಟೆಕರ್’ ಎಂಬ ಸಂಗೀತ ಜೋಡಿ ಅದೇ ವರ್ಷ ಯಾವ ಎರಡು ಆವರ್ತವೂ ಒಂದೇ ತರಹ ಇಲ್ಲದ ‘ಫ್ಲಟರ್’ ಎಂಬ ಹಾಡು ತಂದಿತು. ಪೊಲೀಸರು ಬಂದರೆ ಬಡಿತ ಮರುಕಳಿಸುವುದಿಲ್ಲ ಎಂದು ತೋರಿಸಲು, ಡಿಜೆಗಳು ಇದನ್ನು ನುಡಿಸುವಾಗ ಒಬ್ಬ ವಕೀಲರನ್ನೂ ಒಬ್ಬ ಸಂಗೀತಶಾಸ್ತ್ರಜ್ಞರನ್ನೂ ಪಕ್ಕದಲ್ಲಿಟ್ಟುಕೊಳ್ಳಿ ಎಂಬ ಸಲಹೆ ತಟ್ಟೆಯ ಪೊಟ್ಟಣದ ಮೇಲೇ ಇತ್ತು.