ಕಾಗದದೊಳಗಿನ ನೈಂಟಿ

ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ದಾರಿಯಲ್ಲಿ, ಮಾಚೇನಹಳ್ಳಿಯಲ್ಲಿ ಶಿವಮೊಗ್ಗ ಹಾಲು ಒಕ್ಕೂಟದ ಡೇರಿಯಿದೆ. ನಂದಿನಿಯ ದಿನದ ಹಾಲು, ಮಜ್ಜಿಗೆಗೆ ಪ್ಲಾಸ್ಟಿಕ್ ಪ್ಯಾಕೆಟ್ ಸಾಕು. ಫ್ರಿಜ್ ಇಲ್ಲದೆಯೂ ತಿಂಗಳುಗಟ್ಟಲೆ ಉಳಿಯಬೇಕಾದ ಗುಡ್‌ಲೈಫ್ ಹಾಲಿಗೆ ಮಾತ್ರ ಟೆಟ್ರಾ ಪ್ಯಾಕ್ ಬೇಕು. ಅದರಲ್ಲಿ ಸುಮಾರು ಮುಕ್ಕಾಲು ಪಾಲು ದಪ್ಪ ಕಾಗದ. ಉಳಿದದ್ದು ಪಾಲಿಥಿನ್ ಪದರ ಮತ್ತು ಬೆಳಕು, ಗಾಳಿ ತಡೆಯುವ ತೆಳು ಅಲ್ಯೂಮಿನಿಯಂ ಹಾಳೆ.

ಅದೇ ರಸ್ತೆಯ ವೈನ್ ಶಾಪುಗಳಲ್ಲಿ ವಿಸ್ಕಿಯೂ ಟೆಟ್ರಾದಲ್ಲೇ ಸಿಗುತ್ತದೆ. ಶೇ 42.8ರಷ್ಟು ಆಲ್ಕೋಹಾಲ್ ಇರುವ ವಿಸ್ಕಿ ಹಾಲಿನಂತೆ ಹುಳಿಯುವುದಿಲ್ಲ. ಅದಕ್ಕೇಕೆ ಇಷ್ಟು ಜೋಪಾನ?

ಉತ್ತರ ಸಿಗುವುದು ಲೆಕ್ಕದ ಪುಸ್ತಕದಲ್ಲಿ. ಗಾಜು ಭಾರ, ಒಡೆಯುತ್ತದೆ, ಲಾರಿಯಲ್ಲಿ ಜಾಗ ತಿನ್ನುತ್ತದೆ. ಚೌಕದ ಡಬ್ಬಿ ಒತ್ತೊತ್ತಾಗಿ ಕೂರುತ್ತದೆ, ಜೇಬಿಗೂ ಇಳಿಯುತ್ತದೆ. ಹಿಂದೆ ಈ ಕೆಲಸವನ್ನು ಸಾರಾಯಿ ಪ್ಯಾಕೆಟ್ಟು ಮಾಡುತ್ತಿತ್ತು. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಂತಿತು. ಆಗ ಹಣಕಾಸು ಖಾತೆ ಇದ್ದದ್ದು ಇದೇ ಜಿಲ್ಲೆಯ ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರ ಕೈಯಲ್ಲಿ. ಸಾರಾಯಿ ಹೋಯಿತು, ಕೂಲಿಯ ದುಡ್ಡಿಗೆ ಹೊಂದುವ ಸಣ್ಣ ಅಳತೆ ಹೋಗಲಿಲ್ಲ. ಆ ಜಾಗಕ್ಕೆ 90 ಮಿ.ಲೀ. ಅಗ್ಗದ ವಿಸ್ಕಿ, ರಮ್ಮು ಬಂದು ಕೂತವು.

ಈ ಡಬ್ಬಿ ಸುಪ್ರೀಂ ಕೋರ್ಟಿನ ಕಣ್ಣಿಗೂ ಬಿದ್ದಿದೆ. ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನ ‘ಒರಿಜಿನಲ್ ಚಾಯ್ಸ್’ ಮತ್ತು ‘ಆಫೀಸರ್ಸ್ ಚಾಯ್ಸ್’ ವಿಸ್ಕಿಗಳ ನಡುವಿನ ಹೆಸರಿನ ವ್ಯಾಜ್ಯ 2025ರ ನವೆಂಬರ್‌ನಲ್ಲಿ ವಿಚಾರಣೆಗೆ ಬಂದಾಗ, ಜ್ಯೂಸಿನಂತೆ ಕಾಣುವ ಇದನ್ನು ಮಕ್ಕಳು ಶಾಲೆಗೂ ಒಯ್ಯಬಹುದಲ್ಲ ಎಂದು ನ್ಯಾಯಪೀಠ ಆತಂಕಪಟ್ಟಿತು. ಆತಂಕ ಸುಳ್ಳಲ್ಲ. 1985ರಲ್ಲಿ ಬಂದ ಫ್ರೂಟಿ ಈ ಆಕಾರವನ್ನು ಮಕ್ಕಳದ್ದೇ ಮಾಡಿಬಿಟ್ಟಿದೆ.

ಸೋಡಾಕ್ಕೆ ಮಾತ್ರ ಈ ಡಬ್ಬಿ ಒಗ್ಗದು. ಗ್ಯಾಸಿನ ಒತ್ತಡಕ್ಕೆ ಚಪ್ಪಟೆ ಗೋಡೆ ಉಬ್ಬುತ್ತದೆ. ದುಂಡನೆಯ ಬಾಟಲಿಯೇ ಆಗಬೇಕು. 1872ರಲ್ಲಿ ಇಂಗ್ಲೆಂಡಿನ ಹೈರಮ್ ಕಾಡ್ ಆ ಒತ್ತಡವನ್ನೇ ಬಿರಡೆಯ ಕೆಲಸಕ್ಕೆ ಹಚ್ಚಿದ: ಗ್ಯಾಸು ಗೋಲಿಯನ್ನು ಕತ್ತಿನ ರಬ್ಬರ್ ಬಳೆಗೆ ಒತ್ತಿ ಹಿಡಿಯುತ್ತದೆ. ಆದರೆ ಗೋಲಿ ಸೋಡಾ ಕುಡಿದವನು ಬಾಟಲಿಯನ್ನು ಅಂಗಡಿಗೇ ಕೊಡಬೇಕು. ಪುತ್ತೂರಿನ ಬಿಂದು ಜೀರಾ, 2023ರಲ್ಲಿ ಮರಳಿ ಬಂದ ಕ್ಯಾಂಪಾ ಕೋಲಾದ ಪೆಟ್ ಬಾಟಲಿಗೆ ಆ ಹಂಗಿಲ್ಲ. ಬಸ್ಸು ಹತ್ತಿಯೂ ಕುಡಿಯಬಹುದು, ಕಿಟಕಿಯಿಂದ ಎಸೆಯಲೂಬಹುದು; ಎಸೆಯುವವರೇ ಹೆಚ್ಚು.

ಕುಡಿದ ಮೇಲಿನ ಕಥೆ ಬೇರೆ. ಬಿಯರ್ ಬಾಟಲಿ, ಪೆಟ್ ಬಾಟಲಿಗೆ ಗುಜರಿಯಲ್ಲಿ ನಾಲ್ಕು ಕಾಸು ಹುಟ್ಟುತ್ತದೆ. ಟೆಟ್ರಾದ ಕಾಗದವನ್ನು ನೀರಿನಲ್ಲಿ ಕಲಸಿ ತಿರುಳಾಗಿ ಬಿಡಿಸಿಕೊಳ್ಳಬಹುದು, ಅದಕ್ಕೆ ತಕ್ಕ ಯಂತ್ರವಿರುವ ಕಾಗದದ ಗಿರಣಿ ಬೇಕು. ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಮೈಸೂರು ಕಾಗದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳೇ ಆಗಿವೆ.